ಸತ್ತವರನ್ನು ಎಬ್ಬಿಸುವ ಉಸಿರು

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ, ಎಲ್ಲರಿಗೂ ಅವಳು ಉಸಿರಕ್ಕ. ನಾಯಕಿಯರಿಗೆ ದನಿ ಕೊಡುತ್ತೇನೆಂದು ಬಂದವಳ ಪಾಲಿಗೆ ಸಿಕ್ಕಿದ್ದು ಅಳು, ಬಿಕ್ಕಳಿಕೆ, ಮೆಟ್ಟಿಲಿಂದ ಉರುಳುವವರ ಚೀರಾಟ. ಅದರಲ್ಲೂ ಸತ್ತವರು ಎದ್ದು ಬರುವ ಉಸಿರೆಂದರೆ ಅವಳದೇ. ನಾಯಕ ದಿಂಬು ಸರಿಮಾಡುವ ಹಾಗೆ ನಾಯಕಿಯ ಎದೆಯನ್ನು ನಾಲ್ಕೈದು ಸಲ ಒತ್ತುತ್ತಾನೆ, ಕಣ್ಣೀರು ಹಾಕುತ್ತಾನೆ. ಆಗ ಇವಳು ಮೈಕಿನ ಮುಂದೆ ಹೊಟ್ಟೆಯನ್ನು ಬೆನ್ನಿಗೆ ಹತ್ತಿಸಿ ಒಂದೇ ಒಂದು ‘ಹಾಆಆ’ ಎಳೆಯುತ್ತಾಳೆ. ನಾಯಕ ಕೈ ತೆಗೆದು ಅಪ್ಪಿಕೊಳ್ಳುತ್ತಾನೆ. ಗಂಡಸರು ಸತ್ತರೂ ಇವಳೇ, ದನಿ ತಗ್ಗಿಸಿದರಾಯಿತು. ವೈದ್ಯರೆಲ್ಲ ನಾಚಬೇಕು, ಅಷ್ಟು ಹೆಣಗಳನ್ನು ಎಬ್ಬಿಸಿದ್ದಳು.

ಅವಳ ವಾಸ ಅಣ್ಣನ ಮನೆಯಲ್ಲೇ. ಅತ್ತಿಗೆಯೇ ದೊಡ್ಡ ಅಭಿಮಾನಿ. ಸಂಜೆಯ ಧಾರಾವಾಹಿಯಲ್ಲಿ ಆ ಉಸಿರು ಬಂತೆಂದರೆ ಮಡಚುತ್ತಿದ್ದ ಬಟ್ಟೆ ಬಿಟ್ಟು, “ರೀ, ನಿಮ್ಮ ತಂಗಿ!” ಎಂದು ಗಂಡನನ್ನು ತಿವಿಯುತ್ತಿದ್ದಳು. ಇವಳೂ ಉಬ್ಬುತ್ತಿದ್ದಳು, ಸುಳ್ಳು ಯಾಕೆ.

ಒಂದು ಬೆಳಿಗ್ಗೆ ಷೂ ಲೇಸು ಕಟ್ಟಲು ಬಾಗಿದ ಅಣ್ಣ ಏಳಲಿಲ್ಲ. ಇವಳು ಸ್ಟುಡಿಯೋದಲ್ಲಿದ್ದಳು. ಅತ್ತಿಗೆ ಧೃತಿಗೆಡದೆ ಆಂಬುಲೆನ್ಸಿಗೆ ಫೋನ್ ಮಾಡಿ, ಅವನನ್ನು ಅಂಗಾತ ಮಲಗಿಸಿ ಎದೆ ಒತ್ತಿದಳು. ಸ್ವಲ್ಪ ಹೊತ್ತಿಗೆ ಅವನು ಬಾಯಿ ತೆರೆದು ಜೋರಾಗಿ ಉಸಿರೆಳೆದ. ಅತ್ತಿಗೆ ಕೈ ತೆಗೆದು, ಅವನ ತಲೆಯನ್ನು ಮಡಿಲಿಗೆ ಹಾಕಿಕೊಂಡು ಸಂತೋಷಕ್ಕೆ ಅತ್ತಳು. ಆಂಬುಲೆನ್ಸ್ ಬರುವವರೆಗೂ ಹಾಗೇ ಕೂತಿದ್ದಳು.

ಆಸ್ಪತ್ರೆಯ ಕಾರಿಡಾರಿನಲ್ಲಿ ಆಂಬುಲೆನ್ಸಿನ ನರ್ಸ್, ಸ್ಟುಡಿಯೋದಿಂದ ಓಡಿಬಂದ ಇವಳೊಬ್ಬಳನ್ನೇ ಪಕ್ಕಕ್ಕೆ ಕರೆದ.

“ಉಸಿರು ಬಂತು ಅಂತ ಅವರ ಹೆಂಡತಿ ಹೇಳಿದ್ರಲ್ಲ, ಅದು ಉಸಿರಾಟ ಅಲ್ಲ ಮೇಡಂ. ಹೃದಯ ನಿಂತ ಮೇಲೂ ಕೆಲವರು ಹಾಗೆ ಎಳೀತಾರೆ. ಒತ್ತೋದು ನಿಲ್ಲಿಸಬಾರದಿತ್ತು. ನಿಲ್ಲಿಸದೇ ಇದ್ದಿದ್ರೆ ಉಳೀತಿದ್ರಾ ಅಂತ ಕೇಳ್ಬೇಡಿ, ನನಗೂ ಗೊತ್ತಿಲ್ಲ.”

ಅತ್ತಿಗೆಗೆ ಇವಳು ಹೇಳಲಿಲ್ಲ. ಗಂಡನನ್ನು ಕಳೆದುಕೊಂಡವಳ ತಲೆಗೆ ಇದನ್ನೂ ಕಟ್ಟುವುದೇ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು. ನಿಜ ಬೇರೆಯಿತ್ತು. ಹೇಳಿದರೆ, ಹಾಗೆ ಕೈ ತೆಗೆಯುವುದನ್ನು ನಾನು ಎಲ್ಲಿಂದ ಕಲಿತೆ ಎಂದು ಅತ್ತಿಗೆ ಯೋಚಿಸಿಯೇ ಯೋಚಿಸುತ್ತಾಳೆ. ಕಲಿಸಿದ ತಪ್ಪು ತನ್ನದು, ಬಾಯಿ ಬಿಡಲು ಧೈರ್ಯವಿಲ್ಲ.

ಸಂತೈಸಲು ಬಂದವರಿಗೆಲ್ಲ ಅತ್ತಿಗೆ, ಎದೆ ಒತ್ತಿದ್ದಕ್ಕೆ ಗಂಡ ಒಮ್ಮೆ ವಾಪಸ್ ಬಂದಿದ್ದ, ಆಮೇಲೆ ಉಳಿಯಲಿಲ್ಲ ಎಂಬ ಅದೇ ಕಥೆ ಹೇಳುತ್ತಿದ್ದಳು. ಒಂದು ದಿನ ಎದುರುಮನೆಯಾಕೆ ಬಂದಳು. ಆಕೆಯ ಗಂಡನಿಗೂ ಹೃದಯದ ಕಾಯಿಲೆ.

“ಹಾಗೇನಾದ್ರೂ ಆದ್ರೆ ಹೆದರ್ಬೇಡಿ,” ಎಂದಳು ಅತ್ತಿಗೆ, ಆಕೆಯ ಕೈ ಹಿಡಿದು. “ಎದೆ ಒತ್ತಿ. ಒಂದು ಉಸಿರು ಬಂತು ಅಂದ್ರೆ ಸಾಕು, ಬಿಟ್ಬಿಡಿ. ಪಾಪ, ನೋಯುತ್ತೆ.”

ಎದುರುಮನೆಯಾಕೆ ಪಾಠ ಕೇಳುವ ಮಗುವಿನಂತೆ ತಲೆಯಾಡಿಸಿದಳು.

ಉಸಿರಕ್ಕ ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದಳು. “ಬಿಡಬೇಡಿ,” ಎಂದಳು. ಎಷ್ಟು ಮೆಲ್ಲಗೆ ಹೇಳಬೇಕೆಂದುಕೊಂಡಳೋ ಅಷ್ಟು ಜೋರಾಗಿ ಬಂತು. “ಹಾಗೆ ಒಂದೊಂದೇ ಏದುಸಿರು ಬಂದ್ರೆ ಬದುಕಿದ್ರು ಅಂತಲ್ಲ. ಆಂಬುಲೆನ್ಸಿನೋರು ಬಂದು ಕೈಗೆ ತಗೊಳ್ಳೋವರೆಗೂ ಒತ್ತುತ್ತಾನೇ ಇರಿ.”

ಎದುರುಮನೆಯಾಕೆ ಮೆತ್ತಗೆ ಎದ್ದು ಹೋದಳು. ಅತ್ತಿಗೆ ಇವಳ ಕಡೆ ತಿರುಗಿದಳು.

“ಹಾಗಾದ್ರೆ ಅವ್ರು ವಾಪಸ್ ಬಂದಿರಲಿಲ್ವಾ?”

“ಇಲ್ಲ ಅತ್ತಿಗೆ.”

“ನಿಂಗೆ ಯಾವತ್ತಿಂದ ಗೊತ್ತು?”

“ಅವತ್ತಿಂದಾನೇ. ತಪ್ಪು ನಿಮ್ಮದಲ್ಲ. ಆ ಉಸಿರು ಬಂದ್ರೆ ಕೈ ತೆಗೀಬೇಕು ಅಂತ ನಿಮಗೆ ಕಲಿಸಿದ್ದು ನಾನು.”

ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ನಾನು ಅವ್ರ ಕಿವೀಲಿ,” ಎಂದಳು, “ಇನ್ನೇನೂ ಭಯ ಇಲ್ಲ, ಸುಮ್ನೆ ಮಲಕ್ಕೊಳ್ಳಿ ಅಂದೆ ಕಣೇ.”