ತಮ್ಮನ ಎಡೆಗೆ ಹಂದಿ ಟಾಕೊ

ಇವತ್ತು ನಮ್ಮನೆಯಲ್ಲಿ ಎಡೆಯ ಮುಂದೆಯೇ ಜಗಳವಾಯಿತು ಗೆಳೆಯರೇ. ಮಹಾಲಯ ಅಮಾವಾಸ್ಯೆ. ಹೋದ ವರ್ಷ ಮಾರನಹಳ್ಳಿ ಹತ್ತಿರ ಬೈಕ್ ಅಪಘಾತದಲ್ಲಿ ತೀರಿಕೊಂಡ ನನ್ನ ತಮ್ಮ ಸುನಿಗೆ ಮೊದಲ ಸಲ ಎಡೆ ಇಡುತ್ತಿದ್ದೆವು. ಅವನಿಗೆ ಇಷ್ಟವಾದ ಟಾಕೊ ಮಾಡಲು ನಾನು ಬೆಳಿಗ್ಗೆಯೇ ನಿಂತಿದ್ದೆ. ಮೆಕ್ಕೆಜೋಳದ ಹಿಟ್ಟಿನ ಪುಟ್ಟ ರೊಟ್ಟಿಯೊಳಗೆ ಬೆಂದ ಹಂದಿ ಮಾಂಸ, ಹಸಿ ಈರುಳ್ಳಿ ತುಂಬಿ, ಮಡಚಿ ಎಲೆಗೆ ಬಡಿಸಿದೆ.

ದೊಡ್ಡಮ್ಮ ತಡೆದರು. "ಇದ್ಯಾವ್ದೇ ಇದು? ಅಕ್ಕಿ ರೊಟ್ಟಿ, ಹಂದಿ ಸಾರು ಇಟ್ರೆ ಸಾಕು. ತೆಗಿ."

"ಭಾನುವಾರ ಬಂದ್ರೆ ಇದನ್ನೇ ಮಾಡ್ಕೊಂಡು ತಿಂತಿದ್ದ ದೊಡ್ಡಮ್ಮ."

"ಆಗ ಏನಾದ್ರೂ ತಿಂದ್ಕೊಂಡಿರ್ಲಿ. ಈಗ ಹಿರೀಕರ ಜೊತೆ ಕೂತವ್ನೆ ಕಣೇ."

ಅವನಿಗೆ ಇಪ್ಪತ್ತಾರು ತುಂಬಿತ್ತು, ಅಷ್ಟೇ. ಅವನೂ ಹಿರೀಕನಾಗಿಬಿಟ್ಟಿದ್ದ.

ಒಲೆಯ ಮುಂದಿದ್ದ ಅಮ್ಮ ಎದ್ದು ಬಂದಳು. "ಇರ್ಲಿ ಬುಡಕ್ಕ. ಮಗ ಹಸ್ಕೊಂಡು ಬಂದಿರ್ತಾನೆ" ಎಂದಳು. ದೊಡ್ಡಮ್ಮ ಪಕ್ಕಕ್ಕೆ ಸರಿದರು. ಎಲ್ಲರೂ ಕೈಮುಗಿದು, ಸತ್ತವರು ಉಣ್ಣಲೆಂದು ಬಾಗಿಲು ಮುಂದೆ ಮಾಡಿ, ಜಗಲಿಯಲ್ಲಿ ಕೂತೆವು.

ಬಾಗಿಲು ತೆಗೆದ ಮೇಲೆ ಮೊದಲ ಟಾಕೊ ಎತ್ತಿಕೊಂಡವರು ದೊಡ್ಡಮ್ಮನೇ. ನಿಧಾನವಾಗಿ ತಿಂದು, ಸೆರಗಿನಿಂದ ಕಣ್ಣೊರೆಸಿಕೊಂಡರು.

"ರುಚಿಯಾಗೈತೆ. ಅವ್ನು ಮಾಡ್ತಿದ್ದಿದ್ದೂ ಹಿಂಗೇನಾ?"

"ಇದಕ್ಕಿಂತ ಚೆನ್ನಾಗಿರ್ತಿತ್ತು ದೊಡ್ಡಮ್ಮ. ಏನೇನು ಹಾಕ್ತಿದ್ದ ಅಂತ ಗೊತ್ತಿಲ್ಲ" ಎಂದೆ.

ಅವನು "ಬಾರೇ, ಕಲ್ಸ್ಕೊಡ್ತೀನಿ" ಎಂದು ಕರೆದಾಗಲೆಲ್ಲ ನಾನು ಇಲ್ಲೇ, ಫೋನಿನಲ್ಲಿ ನಿಮ್ಮೆಲ್ಲರ ಪೋಸ್ಟ್ ಓದುತ್ತಾ ಕೂತಿರುತ್ತಿದ್ದೆ.