ಎದುರುಮನೆಯ ಹುಡುಗಿಗೊಂದು ಎಲೆ

ಪುಟ್ಟಿ, ಅಪ್ಪು, ನಿಮ್ಮನ್ನು ಎದುರು ಕೂರಿಸಿಕೊಂಡು ಹೇಳಲು ಈ ಅಜ್ಜಿಗೆ ನಾಚಿಕೆ. ಊರಿನ ಶಾಲೆಯಲ್ಲಿ ಕಲಿತಷ್ಟು ಕನ್ನಡದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ನಗಬೇಡಿ.

ನಾನು ಮದುವೆಯಾಗಿ ಪಾಣೆಮಂಗಳೂರಿನ ಈ ಓಣಿಗೆ ಬಂದಾಗ ಇಲ್ಲಿದ್ದವು ಹಂಚಿನ ಮನೆಗಳು. ಜಗಲಿ ಜಗಲಿಯಲ್ಲಿ ಹೆಂಗಸರು ಬೀಡಿ ಕಟ್ಟುತ್ತಿದ್ದರು. ಟೈಲರ್ ಮನೆಯನ್ನು ಅವರ ಮಕ್ಕಳು ಗಲ್ಫ್‌ನಲ್ಲಿ ಕೂತೇ ಮಾರಿದರು. ಈಗ ಅಲ್ಲಿ ರಕ್ತ ಪರೀಕ್ಷೆಯ ಲ್ಯಾಬ್. ಮೇಸ್ಟ್ರ ಮನೆಗೆ ಬೀಗ ಬಿದ್ದು ಮಾಡು ಕುಸಿದಿದೆ. ನಮ್ಮ ಎದುರಿನ ಫ್ಲ್ಯಾಟ್ ಇರುವಲ್ಲಿ ಒಬ್ಬ ಅಕ್ಕನ ಮನೆ ಇತ್ತು. ಅವರಿಗೆ ಒಬ್ಬಳೇ ಮಗಳು. ನಾನು ಕಟ್ಟಿದ ಬೀಡಿ ನೋಡಿ, "ಅತ್ತಿಗೆ, ಇದು ಬೀಡಿಯಾ, ಕೊಳಲಾ?" ಎಂದು ಕೀಟಲೆ ಮಾಡುತ್ತಿದ್ದಳು. ಮದುವೆಗೆ ಮೊದಲೇ ಕಾಮಾಲೆಯಾಗಿ ತೀರಿಕೊಂಡಳು.

ಸತ್ತವರಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಬಡಿಸುವುದನ್ನು ನೀವು ನೋಡಿದ್ದೀರಿ. ಒಳಕೋಣೆಯಲ್ಲಿ ಎಲೆ ಹಾಕಿ, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ. ಮನೆ ಬಿಟ್ಟು ಹೋಗುವಾಗಲೂ ಹಾಗೆಯೇ ಕರೆಯಬೇಕು, ನಾವು ಹೋಗುತ್ತಿದ್ದೇವೆ, ನೀವೂ ಬನ್ನಿ ಎಂದು. ಅಕ್ಕನ ಗಂಡ ತೀರಿಹೋದ ಮೇಲೆ ಮೈದುನಂದಿರು ಮನೆ ಮಾರಿದರು. ಅಕ್ಕನನ್ನು ಮೂಡಬಿದ್ರೆಗೆ ತಮ್ಮ ಕರೆದುಕೊಂಡು ಹೋದ. ಸಾಮಾನು ಹೇರುವ ಗಡಿಬಿಡಿಯಲ್ಲಿ ಮಗಳನ್ನು ಕರೆಯುವುದು ಮರೆತುಹೋಯಿತು. ನೆನಪಾದದ್ದು ಆಟಿ ಬಂದಾಗ. ಅಷ್ಟರಲ್ಲಿ ಮನೆ ಕೆಡವಿ ಆಗಿತ್ತು.

ಫ್ಲ್ಯಾಟ್ ಎದ್ದ ಮೇಲೆ ಒಂದು ಆಟಿಯಲ್ಲಿ ಅಕ್ಕ ಬುತ್ತಿ ಹಿಡಿದು ಬಸ್ಸಿನಲ್ಲಿ ಬಂದರು. ಒಳಕೋಣೆ ಇದ್ದ ಜಾಗವನ್ನು ಅಂದಾಜು ಮಾಡಿ, ಕಾರುಗಳ ನಡುವೆ ಎಲೆ ಹಾಕಿದರು. ಫ್ಲ್ಯಾಟ್ ನೋಡಿಕೊಳ್ಳುವವನು ಬಂದ.

"ಅಮ್ಮ, ಇಲ್ಲಿ ಮಕ್ಕಳು ಆಡ್ತಾರೆ, ಹೆದರ್ತಾರೆ. ನಿಮ್ಮ ಮನೆಯಲ್ಲಿ ಮಾಡಿ."

"ಅವಳಿಗೆ ಆ ಮನೆ ಗೊತ್ತಿಲ್ಲ ಮಗಾ. ಇದೇ ಮನೆ ಗೊತ್ತಿರುವುದು."

"ಇದು ಈಗ ಮನೆ ಅಲ್ಲ ಅಮ್ಮ, ಪಾರ್ಕಿಂಗ್."

ಕೆಟ್ಟವನಲ್ಲ. ಅನ್ನ ಚೆಲ್ಲದ ಹಾಗೆ ತಾನೇ ಎಲೆ ಮಡಚಿ ಅಕ್ಕನ ಕೈಗೆ ಕೊಟ್ಟ. ನಾನು ರಸ್ತೆ ದಾಟಿ ಹೋದೆ.

"ನಮ್ಮಲ್ಲಿ ಬಡಿಸುವ, ಬನ್ನಿ ಅಕ್ಕ."

"ನಿನ್ನ ಅತ್ತೆ ಒಳಗೆ ಬಿಡ್ಲಿಕ್ಕುಂಟಾ ಮಾರಾಯ್ತಿ? ಬದುಕಿದ್ದಾಗಲೇ ನನ್ನ ಮಗಳನ್ನು ಜಗಲಿಯಿಂದ ಎಬ್ಬಿಸಿದವರು."

"ಅತ್ತೆಗೆ ನಾನು ಹೇಳ್ತೇನೆ."

ತೀರಿಹೋದ ಅತ್ತೆಗೆ ಹಾಕಿದ ಎಲೆಯಿಂದ ಸ್ವಲ್ಪ ದೂರದಲ್ಲಿ ಹುಡುಗಿಯ ಎಲೆ ಹಾಕಿದೆವು. ಅಕ್ಕ ನಮ್ಮ ಹೊಸ್ತಿಲಲ್ಲಿ ನಿಂತು, ಫ್ಲ್ಯಾಟಿನ ಕಡೆ ತಿರುಗಿ, ದನಿ ಬೀಳುವವರೆಗೆ ಕರೆದರು. ಬಂದಳೋ ಇಲ್ಲವೋ ತಿಳಿಯುವ ದಾರಿ ಇಲ್ಲ. ಇನ್ನು ಮಗಳನ್ನು ಮೂಡಬಿದ್ರೆಗೆ ಕರೆದುಕೊಂಡು ಹೋಗಿ ಎಂದೆ.

"ಅಲ್ಲಿ ನನಗೇ ಜಾಗ ಇಲ್ಲ. ಅವಳನ್ನು ಎಲ್ಲಿ ಕೂರಿಸಲಿ?" ಎಂದರು.

ಆಮೇಲೆ ಪ್ರತಿ ಆಟಿಗೂ ಬಂದರು. ಒಂದು ವರ್ಷ ಬರಲಿಲ್ಲ. ತೀರಿಹೋದ ಸುದ್ದಿ ನನಗೆ ತಡವಾಗಿ ತಲುಪಿತು. ಅವರಿಗೆ ಅಲ್ಲಿ ಯಾರಾದರೂ ಬಡಿಸುತ್ತಾರೋ ಗೊತ್ತಿಲ್ಲ. ಹುಡುಗಿಗೆ ನಾನು ಬಡಿಸುತ್ತಿದ್ದೇನೆ.

ಈಗ ನಮ್ಮ ಮನೆಯೂ ಹೋಗುತ್ತಿದೆ. ನಿಮ್ಮ ಅಪ್ಪ ಬೆಳ್ತಂಗಡಿಯಲ್ಲಿ ಬಾಡಿಗೆ ಮನೆ ನೋಡಿ ಬಂದಿದ್ದಾನೆ. ಹೊರಡುವ ದಿನ ಕರೆಯಲು ನಾನಿದ್ದರೆ ಸರಿ. ಇಲ್ಲವಾದರೆ ನೀವು ಒಳಕೋಣೆಯಲ್ಲಿ ನಿಂತು ಮೊದಲು ನಮ್ಮವರನ್ನು ಕರೆಯಿರಿ, ನನ್ನನ್ನೂ ಸೇರಿಸಿ, ಆಮೇಲೆ ಅವಳನ್ನು. ಸತ್ತವರ ಹೆಸರು ಬರೆಯಲು ನನಗೆ ಮನಸ್ಸಿಲ್ಲ, ಕಿವಿಯಲ್ಲಿ ಹೇಳುತ್ತೇನೆ. ನಿಮ್ಮ ಅಪ್ಪನಿಗೆ ಇದರಲ್ಲಿ ನಂಬಿಕೆ ಇಲ್ಲ, ಅವನು ಮರೆಯುತ್ತಾನೆ. ಸಾಮಾನು ಕಟ್ಟುವಾಗ ಈ ಹಾಳೆಗಳು ಗುಜರಿಯ ಪೇಪರಿಗೆ ಸೇರಿಬಿಟ್ಟಾವು. ನಿಮ್ಮ ಶಾಲೆಯ ಚೀಲದಲ್ಲೇ ಇಟ್ಟುಕೊಳ್ಳಿ ಮಕ್ಕಳೇ.