ಆಗ್ತದೆ, ಆಗ್ತದಂತೆ

ನನ್ನ ಕೆಲಸ ಏನೆಂದು ನೆಂಟರು ಕೇಳಿದರೆ ಅಮ್ಮ, "ಆಫೀಸಲ್ಲಿ ಕೂತ್ಕೊಂಡು ಬೇರೆಯವ್ರ ಮಾತು ಆಡ್ತಾನೆ" ಎನ್ನುತ್ತಾಳೆ. ಸುಳ್ಳೇನಲ್ಲ. ಚಿಕ್ಕಂದಿನಿಂದ ಮಾಡುತ್ತಿದ್ದುದೂ ಅದೇ. ಮೈಸೂರಿನಿಂದ ನಾವು ಚೆನ್ನೈಯ ಮೈಲಾಪೂರಿನ ಹಳೇ ಫ್ಲ್ಯಾಟಿಗೆ ಬಂದ ಮೊದಲ ವಾರವೇ ಕೆಳಗಿನ ವಾಚ್‌ಮನ್ ತಾತನ ಕೆಮ್ಮು ಕಲಿತು, ಮೆಟ್ಟಿಲ ಮೇಲೆ ಸಿಗರೇಟು ಸೇದುತ್ತಿದ್ದ ಕಾಲೇಜು ಹುಡುಗರನ್ನು ಎರಡು ಸಲ ಓಡಿಸಿದ್ದೆ. ಮೂರನೇ ಸಲ ಕೆಮ್ಮಿದ್ದು ನಿಜವಾದ ತಾತ. ಹುಡುಗರು ನಾನೇ ಎಂದುಕೊಂಡು ಮೇಲಿನಿಂದ ನೀರು ಸುರಿದರು. ಎಲ್ಲರ ದನಿಯೂ ನನಗೆ ಬರುತ್ತದೆ. ನನ್ನದೇ ದನಿಯನ್ನು ರೆಕಾರ್ಡ್ ಮಾಡಿ ಕೇಳಿದರೆ ಮಾತ್ರ ಶೀತವಾದ ಕಂಡಕ್ಟರ್ ಒಬ್ಬ ಚಿಲ್ಲರೆ ಕೇಳಿದ ಹಾಗಿರುತ್ತದೆ.

ಆಫೀಸು ಶೋಳಿಂಗನಲ್ಲೂರಿನ ಒಂದು ಐಟಿ ಕಟ್ಟಡದ ಆರನೇ ಮಹಡಿಯ ಮೂಲೆಯಲ್ಲಿದೆ. ಕಿವಿ ಕೇಳದವರು, ಮಾತಾಡಲಾಗದವರು ಫೋನ್ ಮಾಡಬೇಕಾದರೆ ನಡುವೆ ನಾವು ಇರುತ್ತೇವೆ. ಅವರು ತಮ್ಮ ಮೊಬೈಲಿನಲ್ಲಿ ಟೈಪ್ ಮಾಡಿದ್ದು ನನ್ನ ಪರದೆಯ ಮೇಲೆ ಬರುತ್ತದೆ, ನಾನು ಅದನ್ನು ಆ ಕಡೆಯವರಿಗೆ ಓದಿ ಹೇಳುತ್ತೇನೆ. ಆ ಕಡೆಯವರು ಹೇಳಿದ್ದನ್ನು ಟೈಪ್ ಮಾಡಿ ಕಳಿಸುತ್ತೇನೆ. ಮಾತು ಮಾತ್ರ ಹೋಗಿ ಕಿವಿ ಚೆನ್ನಾಗಿರುವವರಾದರೆ ಅವರಿಗೆ ನಾವು ಟೈಪ್ ಮಾಡಿ ಕಳಿಸುವ ಅಗತ್ಯವಿಲ್ಲ. ಆ ಕಡೆಯ ಮಾತು ನೇರವಾಗಿ ಅವರಿಗೇ ಕೇಳಿಸುತ್ತದೆ. ಇದೊಂದು ನೆನಪಿರಲಿ, ಮುಂದೆ ಬರುತ್ತದೆ.

ನಿಯಮಗಳು ಮೂರೇ. ಸೇರಿಸಬಾರದು. ಬಿಡಬಾರದು. ಅವರು "ನಾನು" ಎಂದು ಬರೆದಿದ್ದರೆ ನಾವೂ "ನಾನು" ಎಂದೇ ಓದಬೇಕು. ಮಿಮಿಕ್ರಿ ಮಾಡಬಾರದು ಎಂದು ನಿಯಮದಲ್ಲಿ ಇರಲಿಲ್ಲ. ನಾನು ಸೇರಿದ ಎರಡನೇ ದಿನ ಅದೂ ಬಂತು. ಒಬ್ಬ ಅಜ್ಜಿ ಟೈಪ್ ಮಾಡಿದ್ದನ್ನು ನಾನು ಅಜ್ಜಿಯ ದನಿಯಲ್ಲೇ ಓದಿದ್ದೆ. ನಮ್ಮ ಮೇಲ್ವಿಚಾರಕಿ ಮೇಡಂ ಹಿಂದಿನಿಂದ ಬಂದು ನನ್ನ ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ, "ತಂಬಿ, ನಡಿಕ್ಕಾದೆ. ಪಡಿ" ಎಂದರು. ನಟಿಸಬೇಡ, ಓದು.

ಅದನ್ನು ಹೇಗೋ ಬಿಟ್ಟೆ. ಬಿಡಲು ಆಗದೆ ಹೋದದ್ದು "ಅಂತೆ". ಇನ್ನೊಬ್ಬರ ಮಾತನ್ನು ಮುಟ್ಟಿಸುವಾಗ ಕನ್ನಡದ ನಾಲಿಗೆ ತಾನಾಗಿಯೇ ಅಂತೆ ಹಚ್ಚುತ್ತದೆ. ಅಪ್ಪ ಬರ್ತಾರಂತೆ, ಊಟ ಬೇಡವಂತೆ. ಪರದೆಯಲ್ಲಿ "ನಾನು ನಾಳೆ ಬರುತ್ತೇನೆ" ಎಂದಿದ್ದರೆ ನನ್ನ ಬಾಯಿಂದ "ನಾನು ನಾಳೆ ಬರ್ತೀನಂತೆ" ಎಂದು ಬರುತ್ತಿತ್ತು. ಕೇಳಿದವರಿಗೆ, ನಾನು ಬರುವುದನ್ನು ನನಗೇ ಯಾರೋ ಜೋಯಿಸರು ಹೇಳಿದ್ದಾರೆ ಎಂಬ ಭಾವನೆ ಬರುತ್ತಿದ್ದಿರಬೇಕು. ತಮಿಳಿನವರಿಗೂ ಇದೇ ರೋಗ, ಅವರದು "ಆಮ್". ವರುವಾರಾಮ್ ಅಂದರೆ ಬರ್ತಾರಂತೆ, ಪೋವಾರಾಮ್ ಅಂದರೆ ಹೋಗ್ತಾರಂತೆ. ಮೇಡಂ ತರಬೇತಿಯಲ್ಲಿ ಹೇಳಿದ್ದರು: "ಎಂಗಳುಕ್ಕು ಆಮ್, ಉನಕ್ಕು ಅಂತೆ. ರೆಂಡುಮ್ ವೇಂಡಾಮ್." ನಮಗೆ ಆಮ್, ನಿನಗೆ ಅಂತೆ, ಎರಡೂ ಬೇಡ.

"ಮೇಡಂ, ವೇಂಡಾಮ್‌ನಲ್ಲೂ ಒಂದು ಆಮ್ ಇದೆಯಲ್ಲ" ಎಂದೆ. ಆ ವಾರ ಪೂರ್ತಿ ನನಗೆ ಬೆಳಗಿನ ಆರು ಗಂಟೆಯ ಶಿಫ್ಟು.

ಇನ್ನು ಮುಂದೆ ಬರೆಯುವ ಕರೆಯ ವಿಷಯವನ್ನು, ಕರೆ ಮಾಡಿದವರನ್ನೂ ಅವರ ಧಣಿಯನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದರು ಒಬ್ಬರು. ಹೋಟೆಲಿನ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿ ಹಾಕು ಎಂದರು ಇನ್ನೊಬ್ಬರು. ಎರಡೂ ಹಾಕುತ್ತಿಲ್ಲ.

ಚೆನ್ನೈಯಲ್ಲಿ ನಮಗೆ ಕನ್ನಡದ ಕರೆ ಬರುವುದು ಕಡಿಮೆ. ಒಂದು ಮಧ್ಯಾಹ್ನ ಪರದೆಯ ಮೇಲೆ ಕನ್ನಡ ಅಕ್ಷರಗಳು ಒಂದೊಂದಾಗಿ ಬಂದವು, ಒಂದೇ ಬೆರಳಿನಲ್ಲಿ ಟೈಪ್ ಮಾಡುವವರ ಹಾಗೆ. ಉಡುಪಿ ಕಡೆಯ ಮನುಷ್ಯ. ಮೈಲಾಪೂರಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಕೌಂಟರಿನಲ್ಲಿ ನಿಂತು ಒಳಗಡೆಗೆ ಆರ್ಡರ್ ಕೂಗಿದವರು. ಗಂಟಲಿನ ಕಾಯಿಲೆಗೆ ಆಪರೇಷನ್ ಆಗಿ ಧ್ವನಿಪೆಟ್ಟಿಗೆ ತೆಗೆದಿದ್ದರು. ಈಗ ಎಲ್ಲ ವಾಸಿಯಾಗಿದೆ, ಕೆಲಸಕ್ಕೆ ವಾಪಸ್ಸು ಹೋಗಬೇಕು. ಊರಲ್ಲಿರುವ ಧಣಿ ಮೆಸೇಜು ಓದುವವರಲ್ಲ, ಮ್ಯಾನೇಜರು "ಧಣಿಯನ್ನೇ ಕೇಳಿ" ಎಂದು ಜಾರಿಕೊಂಡಿದ್ದಾರೆ. ಇದನ್ನೆಲ್ಲ ಮೊದಲೇ ಬರೆದು, ಕೊನೆಯಲ್ಲಿ, "ಸೋಮವಾರದೊಳಗೆ ಹೇಳದಿದ್ದರೆ ನನ್ನ ಜಾಗಕ್ಕೆ ಬಂದವನನ್ನೇ ಖಾಯಂ ಮಾಡ್ತಾರೆ" ಎಂದು ಸೇರಿಸಿದರು.

ಹೋಟೆಲಿನ ಹೆಸರನ್ನು ಎರಡು ಸಲ ಓದಿದೆ. ನಮ್ಮ ಬೀದಿಯ ಪಕ್ಕದ್ದು. ಅವರ ದನಿ ನನ್ನ ಹಳೆಯ ಮಿಮಿಕ್ರಿ ಪಟ್ಟಿಯಲ್ಲಿತ್ತು. "ಎರಡ್ ಮಸಾಲೇಏಏ, ಒಂದ್ ಸೆಟ್ಟೂ" ಎಂದು ಕೊನೆಯಲ್ಲಿ ಎತ್ತಿ ಬಿಡುತ್ತಿದ್ದ ಆ ಕೂಗನ್ನು ಏಳನೇ ಕ್ಲಾಸಿನ ಸ್ಕೂಲ್ ಡೇಯಲ್ಲಿ ಮಾಡಿ ಸ್ಟೀಲ್ ಲೋಟ ಗೆದ್ದಿದ್ದೆ. ಅಂದರೆ ಆ ಮನುಷ್ಯ ಕಳೆದುಕೊಂಡ ದನಿ ಊರಲ್ಲೆಲ್ಲ ನನ್ನೊಬ್ಬನ ಹತ್ತಿರ ಉಳಿದಿತ್ತು, ಮತ್ತು ಈಗ ಅವರ ಮಾತು ಆಡಬೇಕಾದವನು ನಾನೇ. ಮಾಡಿಬಿಡಲೇ ಎಂದು ಅನಿಸಿತು. ಮಾಡಿದ್ದರೆ ಧಣಿ ಹೆದರಿ ಫೋನು ಬಾವಿಗೆ ಎಸೆಯುತ್ತಿದ್ದರೇನೋ. ಸುಮ್ಮನೆ ನನ್ನ ಕಂಡಕ್ಟರ್ ದನಿಯಲ್ಲೇ ಶುರುಮಾಡಿದೆ.

"ನಮಸ್ಕಾರ, ಇದು ರಿಲೇ ಕರೆ..."

"ಲೋನ್ ಬೇಡ." ಕಟ್.

ಮತ್ತೆ ಮಾಡಿದೆ. ಈ ಸಲ ಹೋಟೆಲಿನ ಹೆಸರು ಮೊದಲು ಹೇಳಿ, ಯಾರ ಕರೆ ಎಂದು ಹೇಳಿ, "ಅವರಿಗೆ ಮಾತಾಡಲು ಆಗುವುದಿಲ್ಲ, ಬರೆದದ್ದನ್ನು ನಾನು ಓದುತ್ತೇನೆ. ನಿಮ್ಮ ಮಾತು ಅವರಿಗೆ ನೇರವಾಗಿ..." ಎನ್ನುವಷ್ಟರಲ್ಲಿ ಧಣಿ, "ಗೊತ್ತಾಯ್ತು ಗೊತ್ತಾಯ್ತು, ಎಂತ ಹೇಳ್ತಾನೆ ಅವ? ಹುಷಾರುಂಟಾ?" ಎಂದರು. ಜೋರು ದನಿ, ಪ್ರತಿ ವಾಕ್ಯದ ಕೊನೆಯಲ್ಲೂ ಒಂದು ಉಸಿರಿನ ಸೀಟಿ. ಇಂಥ ಒಳ್ಳೆಯ ದನಿ ಕೈಗೆ ಸಿಕ್ಕಿಯೂ ಊಟದ ಹೊತ್ತಿಗೆ ಯಾರಿಗೂ ಮಾಡಿ ತೋರಿಸುವಂತಿಲ್ಲವಲ್ಲ ಎಂದು ಸಂಕಟವಾಯಿತು.

ಪರದೆ: "ಹುಷಾರಿದ್ದೇನೆ ಧಣಿ. ಸೋಮವಾರದಿಂದ ಕೆಲಸಕ್ಕೆ ಬರ್ತೇನೆ."

ಓದಿದೆ. ಸರಿಯಾಗಿಯೇ ಓದಿದೆ.

"ಬರ್ಲಿಕ್ಕೆ ಬರ್ಬಹುದು ಮಾರಾಯ. ಕೆಲಸ ಮಾಡ್ಲಿಕ್ಕೆ ಆಗ್ತದಾ?"

ಪರದೆಯಲ್ಲಿ ಒಂದೇ ಪದ ಬಂತು: "ಆಗ್ತದೆ."

ಅಷ್ಟು ಸಣ್ಣ ಪದ. ಅದನ್ನೂ ನೆಟ್ಟಗೆ ಓದಲಿಲ್ಲ ನಾನು.

"ಆಗ್ತದಂತೆ" ಎಂದೆ.

ಆ ಕಡೆ ಸೀಟಿ ನಿಂತಿತು. "ಆಗ್ತದಂತೆ? ಅಂತೆ ಅಂದ್ರೆ ಎಂತ? ಆಗ್ತದೋ ಇಲ್ವೋ ಅವನಿಗೇ ಗೊತ್ತಿಲ್ವಾ?"

ಹೇಳಿದ್ದು ಅವರು, ಅನುಮಾನ ಸೇರಿಸಿದ್ದು ನಾನು. ಇಪ್ಪತ್ತು ವರ್ಷದ ಕೆಲಸವನ್ನು ಎರಡಕ್ಷರದಲ್ಲಿ ಅಲ್ಲಾಡಿಸಿದ್ದೆ. "ಕ್ಷಮಿಸಿ ಸರ್, ಓದಿದ್ದು ತಪ್ಪಾಯಿತು, ಅವರು ಬರೆದದ್ದು ಆಗ್ತದೆ ಎಂದು" ಎಂದೆ. ಆದರೆ ನಡುವೆ ಇನ್ನೊಬ್ಬ ಮನುಷ್ಯ ಕೂತಿದ್ದಾನೆ ಎಂಬುದು ಈಗ ಧಣಿಗೆ ಸರಿಯಾಗಿ ತಿಳಿದುಹೋಯಿತು. ದನಿ ತಗ್ಗಿಸಿದರು, ಗುಟ್ಟು ಹೇಳುವವರ ಹಾಗೆ.

"ನೋಡು ತಮ್ಮಾ, ಅವನಿಗೆ ಹೇಳ್ಬೇಡ."

"ಸರ್, ಅವರಿಗೆ..."

"ನೀನು ಸುಮ್ನೆ ಕೇಳು. ಅವನ ಕುತ್ತಿಗೆಯಲ್ಲಿ ತೂತು ಉಂಟಂತೆ. ಅದರಲ್ಲೇ ಉಸಿರಾಡುವುದಂತೆ." ಅಂತೆ ಎಂದದ್ದಕ್ಕೆ ನನಗೆ ಬೈದವರು ಈಗ ಎರಡೆರಡು ಹಾಕುತ್ತಿದ್ದರು. "ಉಣ್ಲಿಕ್ಕೆ ಬಂದ ಗಿರಾಕಿಗಳು ಅದನ್ನು ನೋಡ್ಬೇಕಾ? ಇದನ್ನು ಅವನ ಹತ್ರ ಹೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಒಳ್ಳೆ ಜನ ಮಾರಾಯ ಅವ. ಹೊಸಬ ಇದ್ದಾನಲ್ಲ, ಮೊಬೈಲು ನೋಡ್ತಾ ಪೊಂಗಲ್ ಕೇಳಿದವನಿಗೆ ಪೂರಿ ಕೊಡ್ತಾನೆ. ಇವ ಒಂದು ದಿನ ತಪ್ಪು ಮಾಡಿದವನಲ್ಲ. ಆದ್ರೆ ಕೌಂಟರಿನಲ್ಲಿ ಕೂಗ್ಬೇಕಲ್ಲ. ಮೂಕನನ್ನು ನಿಲ್ಲಿಸಿ ಎಂತ ಮಾಡುವುದು? ಏನಾದ್ರೂ ಸಮಾಧಾನದ ಮಾತು ಹೇಳಿ ನೀನೇ ಫೋನಿಡು."

ಮಾತು ಹೋದವನಿಗೆ ಕಿವಿಯೂ ಹೋಗಿದೆ ಎಂದು ಧಣಿ ಅಂದುಕೊಂಡಿದ್ದರು. ಆ ಮನುಷ್ಯ ಅಷ್ಟು ಹೊತ್ತೂ ಲೈನಿನಲ್ಲೇ ಇದ್ದು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದರು. ಪರದೆಯ ಮೇಲೆ "ಬರೆಯುತ್ತಿದ್ದಾರೆ" ಎಂಬ ಸೂಚನೆ ಬಂತು, ಹೋಯಿತು, ಮತ್ತೆ ಬಂತು.

ಆಮೇಲೆ ಓದಿದೆ: "ಧಣಿ, ತೆಗೆದದ್ದು ಗಂಟಲು. ಕಿವಿ ಅಲ್ಲ."

ಆ ಕಡೆ ಏನೋ ಉರುಳಿಬಿದ್ದ ಸದ್ದು. ಕುರ್ಚಿ ಇರಬೇಕು.

"ಏ! ಕೇಳ್ತಾ ಇದ್ದೀಯಾ ನೀನು? ಆಗಿನಿಂದಲೂ?"

ಪರದೆ: "ಆಗಿನಿಂದಲೂ. ತೂತಿಗೆ ಬಟ್ಟೆ ಕಟ್ಟಿಕೊಳ್ತೇನೆ. ನಿಮ್ಮ ತಲೆಯನ್ನು ಗಿರಾಕಿಗಳು ನೋಡಬಾರದು ಅಂತ ನೀವು ಟೋಪಿ ಹಾಕುವುದಿಲ್ವಾ, ಹಾಗೆ."

ಇದನ್ನು ನಾನು ಓದಬೇಕಿತ್ತು. ನನ್ನ ಬಾಯಿಂದ, "ನಾನು" ಎಂದು, ಎಂದೂ ನೋಡದ ಒಬ್ಬ ಹೋಟೆಲ್ ಮಾಲೀಕರ ಬೋಳುತಲೆಯ ಬಗ್ಗೆ. ಊರನ್ನೆಲ್ಲ ಆಡಿಕೊಳ್ಳುವ ನಾನೇ ಹಿಂಜರಿದೆ. ಬಿಡುವಂತಿಲ್ಲ. ಓದಿದೆ.

ಧಣಿ ನಕ್ಕರು. ಸೀಟಿ ಮೂರು ಸಲ ಬಂತು. "ನೋಡು, ನೋಡು! ದನಿ ಹೋದ್ರೂ ಕೊಬ್ಬು ಹೋಗಲಿಲ್ಲ ಇವನದ್ದು!" ನಗು ನಿಂತ ಮೇಲೆ, "ಬೇಜಾರು ಮಾಡ್ಬೇಡ ಮಾರಾಯ. ಹಾಗೆ ಹೇಳ್ಬಾರದಿತ್ತು ನಾನು" ಎಂದರು. "ಆದ್ರೆ ಕೂಗುವುದು ಹೇಗೆ, ಅದು ಹೇಳು."

ಪರದೆ ನಿಧಾನವಾಗಿ ತುಂಬಿತು. "ಪಾರ್ಸೆಲ್ ಕೌಂಟರಿಗೆ ಹಾಕಿ. ಅರ್ಧ ಆರ್ಡರ್ ಈಗ ಟ್ಯಾಬಿನಲ್ಲಿ ಬರ್ತದೆ. ತೆಗೆದುಕೊಂಡು ಹೋಗುವ ಡೆಲಿವರಿ ಹುಡುಗರು ಕಿವಿಗೆ ಇಯರ್‌ಫೋನ್ ಹಾಕಿಕೊಂಡೇ ಮೊಬೈಲ್ ತೋರಿಸ್ತಾರೆ. ಅಲ್ಲಿ ಮಾತಾಡುವವರು ಯಾರಿದ್ದಾರೆ ಧಣಿ? ಉಳಿದದ್ದನ್ನು ಚೀಟಿಯಲ್ಲಿ ಬರೆದು ಒಳಗೆ ಕೊಡ್ತೇನೆ."

ಧಣಿ ಯೋಚಿಸಿದರು. ಯೋಚಿಸುವಾಗಲೂ ಸೀಟಿ.

"ಸೋಮವಾರ ಬಾ. ಒಂದು ತಿಂಗಳು ನೋಡುವ. ಆಗ್ತದಾ?"

"ಆಗ್ತದೆ."

"ಆಗ್ತದೆ" ಎಂದು ಓದಿ, ಹಿಂದೆ ಏನೂ ಬರದಂತೆ ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡೆ.

ಕರೆ ಮುಗಿದ ಮೇಲೆ ತುಂಬುವ ಫಾರಂನಲ್ಲಿ ತಪ್ಪು ನಡೆದಿದ್ದರೆ ಬರೆಯಬೇಕು. ಬರೆದೆ. ಮೇಡಂ ಓದಿ, "ಅಂತೆಯಾ ತಂಬಿ?" ಎಂದು ಹಣೆ ಹಿಡಿದುಕೊಂಡು ಒಂದು ವಾರ ಮರುತರಬೇತಿ ಹಾಕಿದರು. ಮತ್ತೆ ಬೆಳಗಿನ ಆರು ಗಂಟೆಯ ಶಿಫ್ಟು.

ಆ ಹೋಟೆಲಿಗೆ ಸುಮಾರು ದಿನ ಹೋಗಲಿಲ್ಲ. ಕರೆಯಲ್ಲಿ ತಿಳಿದದ್ದನ್ನು ಹೊರಗೆ ತಿಳಿದವನ ಹಾಗೆ ನಡೆದುಕೊಳ್ಳಬಾರದು, ಮುಖ ನೋಡಿದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ತಿಂಗಳು ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅಮ್ಮನೇ ಇಡ್ಲಿ ತರಲು ಅಟ್ಟಿದಳು. ಪಾರ್ಸೆಲ್ ಕೌಂಟರಿನಲ್ಲಿ ಅವರಿದ್ದರು. ಕುತ್ತಿಗೆಗೆ ಬಿಳಿ ಬಟ್ಟೆ, ಕಿವಿಯ ಮೇಲೆ ಪೆನ್ನು, ಎದುರಿಗೆ ಟ್ಯಾಬು. ಒಂದು ತಿಂಗಳು ದಾಟಿಯೂ ಅಲ್ಲೇ ಇದ್ದರು. ಕರೆಯಲ್ಲಿ ನನ್ನ ದನಿ ಕೇಳಿದವರು ಎಂದು ಉಪಾಯ ಮಾಡಿಯೇ ಬಂದಿದ್ದೆ: ವಾಚ್‌ಮನ್ ತಾತನ ದನಿಯಲ್ಲಿ, ತಮಿಳಿನಲ್ಲಿ, "ನಾಲು ಇಡ್ಲಿ, ರೆಂಡು ವಡೈ" ಎಂದು ಕೆಮ್ಮಿದೆ. ಅವರು ತಲೆಯಾಡಿಸಿ ಬರೆದುಕೊಂಡರು. ಗುರುತು ಹತ್ತಲಿಲ್ಲ.

ಅಷ್ಟರಲ್ಲಿ ಅಮ್ಮನ ಫೋನು. "ಲೋ, ಚಟ್ನಿ ಇನ್ನೊಂದ್ ಪ್ಯಾಕೆಟ್ ಜಾಸ್ತಿ ಹಾಕಿಸ್ಕೊಂಡ್ ಬಾರೋ."

ಫೋನಿಟ್ಟು ಅದೇ ಭರದಲ್ಲಿ ಅವರ ಕಡೆ ತಿರುಗಿ, ನನ್ನ ಕಂಡಕ್ಟರ್ ದನಿಯಲ್ಲೇ, "ಚಟ್ನಿ ಇನ್ನೊಂದು ಜಾಸ್ತಿ ಬೇಕಂತೆ" ಎಂದೆ.

ಪೆನ್ನು ನಿಂತಿತು. ಅವರು ನಿಧಾನವಾಗಿ ತಲೆಯೆತ್ತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಚೀಟಿಯಲ್ಲಿ ಏನೋ ಬರೆದು, ಒಳಗೆ ಕೊಡುವ ಮೊದಲು ನನಗೆ ತೋರಿಸಿದರು. ಉರುಟು ಅಕ್ಷರದ ಕನ್ನಡ:

"ಇಡ್ಲಿ 4. ವಡೆ 2. ಚಟ್ನಿ ಜಾಸ್ತಿ ಬೇಕಂತೆ." ಅದರ ಕೆಳಗೆ ಎರಡು ಗೆರೆ ಎಳೆದು, "ಕೆಲಸ ಆಗ್ತದೆ."